ಮಿಷನ್ನಿನ ಪಾಲು

ಕೆಂಪರಾಜುವಿಗೆ ಕೋಪ ಮೂಗಿನ ತುದಿಯಲ್ಲಿ. ಮೂಗಿನ ಕೆಳಗೆ ಮೀಸೆ. ಗಣೇಶನ ಹಬ್ಬದ ಸಂಜೆ ಚನ್ನಪಟ್ಟಣದ ಮೈದಾನದಲ್ಲಿ ಮೇಲಿನದು ಕೆಳಗಿನದನ್ನು ಪಣಕ್ಕಿಟ್ಟುಬಿಟ್ಟಿತು.

ಆವತ್ತು ಅವನ ಬ್ಯಾಂಡು ಮೊದಲ ಸಲ ಜನರೆದುರು ನಿಂತಿತ್ತು. ಬ್ಯಾಂಡು ಎಂದರೆ ಮೂರೇ ಜನ. ಗಿಟಾರ್ ಹಿಡಿದವನು ಕೆಂಪರಾಜು. ವಿರೂಪಾಕ್ಷಿಪುರದ ಕಡೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವನು, ವಯಸ್ಸು ನಲವತ್ತೈದು ದಾಟಿದೆ. ಡ್ರಮ್ಸ್ ಹಿಂದೆ ಕೂತವನು ಇದ್ರೀಸ್. ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡಿನ ಯಜಮಾನ, ಕೆಂಪರಾಜುವಿನ ಗೂಡಿಗೆ ಮಾರ್ಕೆಟ್ಟಿನಲ್ಲಿ ಹರಾಜು ಕೂಗಿ ಕೂಗಿ, ಜಗಳವಾಡಿ, ಆಮೇಲೆ ಸ್ನೇಹಿತನಾದವನು. ಬೇಸ್ ಗಿಟಾರ್ ನೇತುಹಾಕಿಕೊಂಡು ಮೈಕಿನ ಮುಂದೆ ನಿಂತವಳು ಭಾನುಪ್ರಿಯ, ಬಸ್ ಕಂಡಕ್ಟರು. ಒಮ್ಮೆ ಕೆಂಪರಾಜುವಿನ ಗಿಟಾರಿಗೆ ಲಗೇಜ್ ಟಿಕೆಟ್ ಕೊಟ್ಟು, ಅವನು ಕೂಗಾಡಿದ್ದಕ್ಕೆ ಅವನಿಗಿಂತ ಜೋರಾಗಿ ಕೂಗಿ ಬಸ್ಸನ್ನೇ ನಿಲ್ಲಿಸಿದ್ದಳು. ಆ ಗಂಟಲು ಕೇಳಿಯೇ ಅವನು ಅವಳನ್ನು ಬ್ಯಾಂಡಿಗೆ ಕರೆದದ್ದು.

ಬಾರಿಸುವುದು ಗ್ರೂವ್ ಮೆಟಲ್. ಹೆವಿ ಮೆಟಲ್‌ನಲ್ಲಿ ಕುದುರೆಯಂತೆ ಓಡುವ ಜಾತಿಯೂ ಇದೆ, ಲೋಡು ಎಳೆಯುವ ಎತ್ತಿನಂತೆ ನಡೆಯುವ ಜಾತಿಯೂ ಇದೆ. ಇವರದು ಎತ್ತಿನ ಜಾತಿ. ದಪ್ಪ ತಂತಿಯನ್ನು ಅಂಗೈ ಅಂಚಿನಿಂದ ಅದುಮಿ ಹೊಡೆದರೆ ಸದ್ದು ಕಿವಿ ಮುಟ್ಟುವ ಮೊದಲು ಎದೆ ಮುಟ್ಟಬೇಕು. ಹೊಡೆತ ಬಿದ್ದು, ನಿಂತು, ಮತ್ತೆ ಬೀಳಬೇಕು. ಹಾಡು ಅವರದೇ, ಹೆಸರು ‘ನಾಲ್ಕನೇ ಜ್ವರ’. ರೇಷ್ಮೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ನಿಂತು ಪೊರೆ ಕಳಚುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳುವಿನದು ರಾಕ್ಷಸ ಹಸಿವು. ಮನೆಮಂದಿಯೆಲ್ಲ ಸೊಪ್ಪು ಹೊತ್ತರೂ ಸಾಲದು. ಹಾಡು ಆ ಹಸಿವಿನದು.

ಅಂಥ ಹಾಡು ಆವತ್ತು ಸ್ಪೀಕರಿನಿಂದ ಹೊರಗೆ ಬಂದದ್ದು ಹೇಗೆ ಎಂದರೆ, ತಗಡಿನ ಡಬ್ಬದಲ್ಲಿ ಕಣಜದ ಹುಳು ಸಿಕ್ಕಿಕೊಂಡ ಹಾಗೆ. ಗುಂಯ್ ಎಂದಿತೇ ಹೊರತು ಗುದ್ದಲಿಲ್ಲ. ಇದ್ರೀಸನ ಡ್ರಮ್ಸ್ ಇಳಿಜಾರಿನಲ್ಲಿ ಬ್ರೇಕ್ ಹೋದ ಟ್ರ್ಯಾಕ್ಟರಿನಂತೆ ಓಡಿತು. ಮುಂದೆ ಕೂತಿದ್ದ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಹಾಡು ಅರ್ಧಕ್ಕೆ ಬರುವ ಹೊತ್ತಿಗೆ ಸಂಘದ ಕಾರ್ಯದರ್ಶಿ ಗಂಗಹನುಮಯ್ಯ ವೇದಿಕೆ ಹತ್ತಿ ಇನ್ನೊಂದು ಮೈಕು ಹಿಡಿದ.

“ಬಂಧುಗಳೇ, ನಮ್ ಕಡೆ ಆನೆ ಕಾಟ ಜಾಸ್ತಿ ಅಂತ ಈ ಬ್ಯಾಂಡ್ ಕರ್ಸಿದ್ದೆ. ಇದ್ಕೆ ಆನೆ ಹೋಗಕಿಲ್ಲ. ಸೊಳ್ಳೆ ಹೋದ್ರೂ ಹೋದಾವು.”

ಮೈದಾನವೇ ನಕ್ಕಿತು. ಗಂಗಹನುಮಯ್ಯನೂ ಕೆಂಪರಾಜುವೂ ಊರಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದಲ್ಲಿ ಏಟು ತಿಂದವರು. ಮಾತಿಗೆ ಮರ್ಯಾದೆಯ ಬೇಲಿ ಇರಲಿಲ್ಲ.

“ಲೇ ಗಂಗ,” ಎಂದ ಕೆಂಪರಾಜು. ಎದುರಿನ ಮೈಕು ಆನ್ ಆಗಿಯೇ ಇತ್ತು. “ರಾಜ್ಯೋತ್ಸವಕ್ಕೆ ಇದೇ ಜಾಗದಲ್ಲಿ ನಿನ್ನ ಎದೆ ನಡುಗಿಸ್ದೆ ಹೋದ್ರೆ, ಇದೇ ಸ್ಟೇಜ್ ಮ್ಯಾಲೆ ಅರ್ಧ ಮೀಸೆ ಬೋಳಿಸ್ಕತೀನಿ ಕಣ್ಲಾ.”

“ಅರ್ಧ ಯಾಕ್ಲಾ? ಪೂರ್ತಿನೇ ಬೋಳಿಸ್ಕೊ.”

“ಪೂರ್ತಿ ಬೋಳಿಸ್ಕಂಡ್ರೆ ತಿರುಪತಿಗೆ ಹೋಗಿದ್ದ ಅಂದ್ಕತಾರೆ. ಅರ್ಧ ಬೋಳಿಸ್ಕಂಡ್ರೆ ಸೋತ ಅಂತ ಎಲ್ರಿಗೂ ಗೊತ್ತಾಯ್ತದೆ.”

ಜನ ಇದಕ್ಕೂ ನಕ್ಕರು, ಆದರೆ ಚಪ್ಪಾಳೆ ತಟ್ಟಿದರು. ಗಂಗಹನುಮಯ್ಯ ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದ. “ಬಾ. ಒಂದೇ ಒಂದು ಹಾಡು ಕೊಡ್ತೀನಿ. ಬ್ಲೇಡು ನಾನೇ ತತ್ತೀನಿ.”

ಸಾಮಾನು ತುಂಬಿದ ಗೂಡ್ಸ್ ಆಟೋದಲ್ಲಿ ವಾಪಸು ಹೋಗುವಾಗ ಭಾನುಪ್ರಿಯ ಕೆಂಗಲ್ ದಾಟುವವರೆಗೂ ಬೇಸ್ ಗಿಟಾರನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಆಮೇಲೆ ಹೇಳಿದಳು:

“ಅಣ್ಣ, ನಾಳೆ ಬಸ್ಸಲ್ಲಿ ನಾನು ಟಿಕೆಟ್ ಟಿಕೆಟ್ ಅಂದ್ರೆ ಜನ ಗುಂಯ್ ಗುಂಯ್ ಅಂತಾರೆ. ನಿಮ್ಗೆ ಹೋಗೋದು ಮೀಸೆ, ನನ್ಗೆ ದಿನಾ ಅದೇ ರೂಟು. ಇನ್ನೊಂದ್ಸಲ ಹಿಂಗಾದ್ರೆ ನಾನು ಬರಕಿಲ್ಲ.”

“ತಪ್ಪು ಆಂಪ್‌ದು ಕಣಮ್ಮಿ. ಅದ್ನ ಎತ್ತಿ ಬಿಸಾಕ್ತೀನಿ,” ಎಂದ ಕೆಂಪರಾಜು, ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಕಾಲಿನಿಂದ ಒದ್ದು.

ಮನೆಯಲ್ಲಿ ತಾಯಿ ಸಿದ್ದಮ್ಮ ಸುದ್ದಿಯನ್ನು ಅವನು ಬರುವುದಕ್ಕೆ ಮುಂಚೆಯೇ ಕೇಳಿಸಿಕೊಂಡಿದ್ದಳು. ಮಗ ಆಂಪನ್ನು ಬೈಯುತ್ತಾ ಒಳಗೆ ಬಂದದ್ದನ್ನು ನೋಡಿ, ಹುಳುವಿಗೆ ಸೊಪ್ಪು ಹರಡುತ್ತಲೇ ಅಂದಳು: “ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ.”

ಅವನು ಉಣ್ಣದೆ ಮಲಗಿದ.

ಎದೆ ನಡುಗುವುದು ಎಂದರೇನು ಎಂಬುದು ಕೆಂಪರಾಜುವಿಗೆ ಚೆನ್ನಾಗಿ ಗೊತ್ತಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಬೆಂಗಳೂರಿನ ಒಂದು ಸೌಂಡ್ ಸಿಸ್ಟಮ್ಮಿನವರ ಹತ್ತಿರ ಸ್ಪೀಕರ್ ಹೊರುವ ಕೆಲಸಕ್ಕಿದ್ದ. ಒಂದು ದಿನ ಹೊತ್ತ ಪೆಟ್ಟಿಗೆಗೆ ಒರಗಿ ಬೀಡಿ ಹಚ್ಚುತ್ತಿದ್ದಾಗ, ಯಾರೋ ಹುಡುಗರು ಸೌಂಡ್ ಚೆಕ್ ಎಂದು ಗಿಟಾರಿನ ದಪ್ಪ ತಂತಿಯನ್ನು ಒಂದೇ ಒಂದು ಸಲ ಹೊಡೆದರು. ಬೆನ್ನಿಗೆ ಯಾರೋ ಒನಕೆಯಿಂದ ಗುದ್ದಿದ ಹಾಗಾಯಿತು. ಬೀಡಿ ಬಾಯಿಂದ ಬಿತ್ತು. ಊರಿಗೆ ವಾಪಸು ಬಂದು ಬೇಸಾಯಕ್ಕೆ ಇಳಿದರೂ ಆ ಗುದ್ದು ಬೆನ್ನಿನಲ್ಲೇ ಉಳಿಯಿತು. ಮೊದಲು ಒಂದು ಸಾದಾ ಗಿಟಾರ್ ಬಂತು, ಬೆಳೆ ಕೈಹಿಡಿದ ವರ್ಷ ಕಪ್ಪು ಬಣ್ಣದ, ಉದ್ದ ಕತ್ತಿನ, ಕಲ್ಲಿನಷ್ಟು ತೂಕದ ಗಿಟಾರ್ ಬಂತು. ಕತ್ತು ಉದ್ದವಿದ್ದರೆ ತಂತಿಯನ್ನು ಎಷ್ಟು ತಗ್ಗಿಗೆ ಇಳಿಸಿದರೂ ಜೋಲು ಬೀಳುವುದಿಲ್ಲ. ಆಮೇಲೆ ಹಳೆಯ ಟ್ರಾನ್ಸಿಸ್ಟರ್ ಆಂಪೂ ನಾಲ್ಕು ಸ್ಪೀಕರಿನ ಪೆಟ್ಟಿಗೆಯೂ ಬಂದವು.

ಬಾರಿಸುವುದಕ್ಕೆ ಜಾಗವೇ ಇರಲಿಲ್ಲ. ಮನೆಗೆ ಅಂಟಿದಂತೆ ಹುಳುವಿನ ಮನೆ. ಸದ್ದಿಗೆ ಹುಳ ಬೆದರುತ್ತವೆ ಎಂದು ಸಿದ್ದಮ್ಮ ಅಲ್ಲಿ ಸೀನುವುದಕ್ಕೂ ಬಿಡುವವಳಲ್ಲ. ದಾರಿ ತೋರಿಸಿದವನು ಇದ್ರೀಸ್. “ನಮ್ ಶೆಡ್ಡಿಗೆ ಬನ್ನಿ ಗೌಡ್ರೆ. ಅಲ್ಲಿ ಮಿಷನ್ ಸದ್ದಲ್ಲಿ ಬಾಂಬ್ ಬಿದ್ರೂ ಪಕ್ಕದ್ಮನೆಯೋರ್ಗೆ ಗೊತ್ತಾಗಲ್ಲ.” ಅದು ನಿಜವಾಗಿತ್ತು. ಮೋಟಾರುಗಳ ಗುಂಯ್, ರಾಟೆಗಳ ಟಕಟಕ, ಬೇಯುವ ಗೂಡಿನ ಹಬೆ, ಆ ವಾಸನೆ. ಶೆಡ್ಡಿನ ಹಿಂಭಾಗದಲ್ಲಿ, ಮೂಟೆಗಳ ನಡುವೆ ಬ್ಯಾಂಡು ಬೆಳೆಯಿತು. ಮಿಷನ್ ಓಡುವಾಗ ಮಾತ್ರ ಬಾರಿಸುವುದು, ನಿಂತರೆ ನಿಲ್ಲಿಸುವುದು. ಅಲ್ಲಿ ಕೆಂಪರಾಜುವಿನ ಗಿಟಾರ್ ಒನಕೆಯಂತೆಯೇ ಗುದ್ದುತ್ತಿತ್ತು. ಮೂವರೂ ಅದನ್ನು ಕೇಳಿದ್ದರು. ಮೈದಾನಕ್ಕೆ ಹೋದಾಗ ಅದೇ ಆಂಪು ಕಣಜದ ಹುಳುವಾದದ್ದು ಯಾಕೆ ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಹಬ್ಬದ ಮಾರನೆಯ ದಿನದಿಂದ ಕೆಂಪರಾಜು ಸಾಮಾನಿನ ಬೇಟೆಗೆ ಬಿದ್ದ. ಬೆಂಗಳೂರಿನ ಅಂಗಡಿಗಳಿಗೆ ಹೋಗಿ ಕಾಲಿನಲ್ಲಿ ಅದುಮುವ ಪೆಡಲುಗಳನ್ನು ತಂದ. ಒಂದು ಸದ್ದನ್ನು ಒರಟು ಮಾಡುವುದು, ಒಂದು ಇನ್ನೂ ಒರಟು ಮಾಡುವುದು, ಒಂದು ತಂತಿ ಸುಮ್ಮನಿದ್ದಾಗ ಬರುವ ಗೊರಗೊರ ಸದ್ದನ್ನು ಕತ್ತರಿಸುವುದು. ಗಿಟಾರಿನಲ್ಲಿ ತಂತಿಯ ಸದ್ದು ಹಿಡಿಯುವ ಪಿಕಪ್ ಬದಲಾಯಿಸಿದ, ತಂತಿ ಇನ್ನೂ ದಪ್ಪ ಮಾಡಿದ. ಪ್ರತಿಯೊಂದನ್ನೂ ಶೆಡ್ಡಿಗೆ ತಂದು ಹಚ್ಚಿ ನೋಡಿದ. ಪ್ರತಿಯೊಂದೂ ಅಲ್ಲಿ ಚೆನ್ನಾಗಿಯೇ ಕೇಳಿಸಿತು. ಕೋಪ ಏರಿತು. ಕೆಟ್ಟದ್ದು ಸಿಕ್ಕಿದರೆ ಬಿಸಾಕಬಹುದು. ಎಲ್ಲವೂ ಚೆನ್ನಾಗಿದ್ದರೆ ಯಾರನ್ನು ಬೈಯುವುದು?

“ವಾಲ್ವ್ ಆಂಪ್ ಬೇಕು ಸಾಬ್ರೆ,” ಎಂದ ಕೊನೆಗೆ. “ಗಾಜಿನ ಬುರುಡೆ ಉರಿಯೋ ಅಂಥದ್ದು. ಟ್ರಾನ್ಸಿಸ್ಟರ್ ಇಟ್ಕಂಡು ಉದ್ಧಾರ ಆದೋರಿಲ್ಲ.”

ಅಂಥದ್ದೊಂದು ಇದ್ರೀಸನ ನಂಟ ಅತೀಕನ ಹತ್ತಿರ ಇತ್ತು. ಅತೀಕ್ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುವವನು. ಹೊತ್ತು ತಿರುಗಲು ಹಗುರವಾದ, ಬಿದ್ದರೂ ಒಡೆಯದ ಟ್ರಾನ್ಸಿಸ್ಟರ್ ಆಂಪು ಅವನಿಗೆ ಬೇಕಿತ್ತು. ಅದಲು ಬದಲು ಮಾಡಿಕೊಳ್ಳುವುದು ಎಂದು ಮಾತಾಯಿತು. ಶುಕ್ರವಾರ ಅತೀಕ್ ತನ್ನ ಆಂಪನ್ನು ತಂದು ಶೆಡ್ಡಿನಲ್ಲಿ ಇಳಿಸುವ ಹೊತ್ತಿಗೆ ಮಧ್ಯಾಹ್ನದ ನಮಾಜಿನ ಸಮಯವಾಗಿತ್ತು. ಮಿಷನ್ ನಿಲ್ಲಿಸಿ ಕೆಲಸದವರೆಲ್ಲ ಕೈಕಾಲು ತೊಳೆದು ಹೊರಟರು. ಇದ್ರೀಸನೂ ಅತೀಕನೂ ಟೋಪಿ ಹಾಕಿಕೊಂಡು ಹೊರಟರು.

“ಬಂದ್ಮೇಲೆ ನೋಡನ. ಅಲ್ಲೀವರ್ಗೂ ಒಸಿ ಸುಮ್ನಿರಿ,” ಎಂದ ಇದ್ರೀಸ್. “ಮಿಷನ್ ಇಲ್ಲ, ಬೀದಿಗೆಲ್ಲ ಕೇಳ್ತದೆ.”

ಸುಮ್ಮನಿರುವುದು ಕೆಂಪರಾಜುವಿನ ಜಾಯಮಾನವೇ ಅಲ್ಲ. ಕೈಬಿಟ್ಟು ಹೋಗುವ ಆಂಪನ್ನು ಒಂದು ಸಲ ಬೈದಾದರೂ ಕಳಿಸೋಣ ಎಂದುಕೊಂಡು, ವಾಲ್ಯೂಮ್ ಮಾತ್ರ ತಗ್ಗಿಸಿ, ಬೇರೆ ಯಾವ ನಾಬನ್ನೂ ಮುಟ್ಟದೆ ದಪ್ಪ ತಂತಿ ಹೊಡೆದ.

ಕಣಜದ ಹುಳು.

ಅವನು ಗಿಟಾರನ್ನು ನೋಡಿದ, ಆಂಪನ್ನು ನೋಡಿದ. ಮತ್ತೆ ಹೊಡೆದ. ಅದೇ ಗುಂಯ್, ಅದೇ ತಗಡಿನ ಡಬ್ಬ. ಮೈದಾನದಲ್ಲಿ ಕೇಳಿದ ಅದೇ ಅವಮಾನ, ಈಗ ಬ್ಯಾಂಡು ಬೆಳೆದ ಮೂಲೆಯಲ್ಲೇ, ಅವನೊಬ್ಬನ ಎದುರಿಗೆ. ಸಿಟ್ಟಿನಿಂದ ವೈರನ್ನು ಕಿತ್ತು ಅತೀಕನ ವಾಲ್ವ್ ಆಂಪಿಗೆ ಚುಚ್ಚಿದ. ಗಾಜಿನ ಬುರುಡೆಗಳು ಕೆಂಪಗೆ ಉರಿದವು. ತನ್ನ ಆಂಪಿನಲ್ಲಿ ನಾಬುಗಳು ಹೇಗಿದ್ದವೋ ಇದರಲ್ಲೂ ಹಾಗೆಯೇ ತಿರುಗಿಸಿದ: ಸದ್ದನ್ನು ಒರಟು ಮಾಡುವ ಗೇನ್ ತುಂಬಾ, ಚೀರುವ ಸದ್ದಿನ ಟ್ರೆಬಲ್ ತುಂಬಾ, ನಡುವಿನ ಸದ್ದಿನ ಮಿಡ್ ಸೊನ್ನೆ, ತಗ್ಗಿನ ಸದ್ದಿನದು ಅರ್ಧಕ್ಕೂ ಕೆಳಗೆ. ಹೊಡೆದ.

ಇದೂ ಕಣಜದ ಹುಳುವೇ. ಬೆಲೆಬಾಳುವ ಕಣಜದ ಹುಳು, ಅಷ್ಟೇ.

ನಮಾಜು ಮುಗಿಸಿ ಬಂದವರಿಗೆ ಕಂಡದ್ದು, ಎರಡು ಆಂಪುಗಳ ನಡುವೆ ನೆಲದ ಮೇಲೆ ಕೂತು ಗೋಡೆ ನೋಡುತ್ತಿದ್ದ ಕೆಂಪರಾಜು.

“ಏನಾಯ್ತು ಗೌಡ್ರೆ?”

“ಸಾಬ್ರೆ, ಒಂದು ಮಿಷನ್ ಹಾಕಿ.”

“ಕೆಲಸದೋರು ಇನ್ನೂ ಬಂದಿಲ್ವಲ್ಲ.”

“ನೂಲು ತೆಗ್ಯಕ್ಕಲ್ಲ. ಸುಮ್ನೆ ಹಾಕಿ.”

ಇದ್ರೀಸ್ ಸ್ವಿಚ್ ಒತ್ತಿದ. ಮೋಟಾರು ಗುಂಯ್ ಎಂದಿತು, ರಾಟೆಗಳು ತಿರುಗಿದವು. ಕೆಂಪರಾಜು ತಂತಿ ಹೊಡೆದ. ಸದ್ದು ದಪ್ಪಗಾಯಿತು. ಇನ್ನೊಂದು ಮಿಷನ್ ಹಾಕಿಸಿದ, ಇನ್ನೂ ದಪ್ಪಗಾಯಿತು. ಎಲ್ಲ ಮಿಷನ್ನೂ ಓಡತೊಡಗಿದಾಗ ಒನಕೆ ವಾಪಸು ಬಂತು. ಆರಿಸಿದರು: ಕಣಜ. ಹಾಕಿದರು: ಒನಕೆ.

ಅತೀಕ್ ಮೊದಲು ನಕ್ಕ. “ಅರೆ, ಇಷ್ಟು ದಿನ ನೀವು ಮೋಟಾರ್ ಜೊತೆ ಬಾರಿಸ್ತಾ ಇದ್ರಾ? ತಗ್ಗಿನ ಸದ್ದೆಲ್ಲಾ ಅದು ಕೊಡ್ತಿತ್ತು, ಚೀರೋದು ಮಾತ್ರ ನಿಮ್ದು.”

ಹೌದು, ಅಷ್ಟೇ. ಗಿಟಾರಿನ ತಗ್ಗಿನ ಸದ್ದು ಮಿಷನ್ನಿನ ಗುಂಯ್‌ನಲ್ಲಿ ಕಲಸಿಹೋಗುತ್ತದೆ ಎಂದು ಅವನು ಅದನ್ನು ದಿನದಿನಕ್ಕೂ ಇಳಿಸಿದ್ದ. ಮಿಷನ್ನನ್ನು ಮೀರಿ ಕೇಳಬೇಕು ಎಂದು ಟ್ರೆಬಲ್ಲನ್ನು ದಿನದಿನಕ್ಕೂ ಏರಿಸಿದ್ದ. ದಪ್ಪ ತಂತಿಯ ಶ್ರುತಿಯನ್ನೂ ಮೋಟಾರಿಗೆ ಒಗ್ಗುವ ಹಾಗೆ ಇಳಿಸಿದ್ದ. ಅವನ ಟೋನಿನಲ್ಲಿ ಅರ್ಧ ಪಾಲು ಮಿಷನ್ನಿನದು. ಮೈದಾನಕ್ಕೆ ಹೋಗುವಾಗ ತನ್ನ ಪಾಲನ್ನು ಆಟೋದಲ್ಲಿ ಹಾಕಿಕೊಂಡು ಹೋಗಿದ್ದ, ಮಿಷನ್ನಿನ ಪಾಲು ಶೆಡ್ಡಿನಲ್ಲೇ ಉಳಿದಿತ್ತು.

ಇದ್ರೀಸ್ ಮಾತ್ರ ನಗಲಿಲ್ಲ. ಅವನು ರಾಟೆಗಳನ್ನೇ ನೋಡುತ್ತಿದ್ದ. “ಗೌಡ್ರೆ, ನಾನು ಸ್ಟೇಜಲ್ಲಿ ಯಾಕೆ ಓಡ್ದೆ ಅಂತ ಈಗ ಗೊತ್ತಾಯ್ತು. ನಾನು ಇಷ್ಟು ವರ್ಷ ಆ ಟಕಟಕಕ್ಕೇ ಬಾರಿಸಿದ್ದು.”

ಕೆಂಪರಾಜು ಎದ್ದು ತನ್ನ ಹಳೆಯ ಆಂಪಿನ ಮೇಲೆ ಕೈಯಿಟ್ಟ. ಎರಡನ್ನೂ ಒಂದೇ ಹೊತ್ತಿನಲ್ಲಿ, ಸದ್ದಿಲ್ಲದ ಶೆಡ್ಡಿನಲ್ಲಿ ಕೇಳಿದ್ದರಿಂದ ಇನ್ನೊಂದು ವಿಷಯವೂ ಅವನಿಗೆ ತಿಳಿದಿತ್ತು. ವಾಲ್ವ್ ಆಂಪಿನ ಹೊಡೆತ ಕೊಂಚ ಮೆತ್ತಗೆ, ನಿಲ್ಲುವಾಗ ಒಂದಿಷ್ಟು ಎಳೆಯುತ್ತದೆ. ಹಾಡಿನ ಹಿಂದೆ ಮೀಟುವವರಿಗೆ ಅದು ಸೊಗಸು. ಅವನ ಟ್ರಾನ್ಸಿಸ್ಟರು ಕೈ ನಿಂತ ಕಡೆ ನಿಲ್ಲುತ್ತದೆ, ಬಾಗಿಲು ಬಡಿದು ಮುಚ್ಚಿದ ಹಾಗೆ. ಎತ್ತಿನ ನಡಿಗೆಗೆ ಅದೇ ಬೇಕು.

“ಅತೀಕಣ್ಣ, ನಿಮ್ ಆಂಪ್ ನೀವೇ ಇಟ್ಕಳಿ. ಇದು ನನ್ ಮನೇಲೇ ಸಾಯ್ಲಿ.”

“ಬೇಡ ಅನ್ನಕ್ಕೆ ಇಷ್ಟು ದೂರ ಹೊರಿಸಿದ್ರಾ?” ಎಂದ ಅತೀಕ್. ಆದರೆ ಟೀ ಕುಡಿದು, ನಗುತ್ತಲೇ ಹೋದ. ಆ ಪೆಡಲುಗಳಲ್ಲಿ ಮುಕ್ಕಾಲು ಪಾಲನ್ನೂ ಅವನ ಜೊತೆಗೇ ಕಳಿಸಿದರು.

ಮಾರನೆಯ ವಾರ ಆಂಪೂ ಡ್ರಮ್ಸೂ ಕೆಂಪರಾಜುವಿನ ಹೊಲಕ್ಕೆ ಬಂದವು. ಹುಳುವಿನ ಮನೆಯಿಂದ ದೂರ, ಹಿಪ್ಪುನೇರಳೆ ತೋಟದ ಆಚೆ ತುದಿಗೆ ಪಂಪ್‌ಹೌಸ್. ಹಗಲು ಕರೆಂಟು ಕೊಡುವ ಹೊತ್ತಿಗೆ ಪಂಪು ಆರಿಸಿ, ಅದೇ ಲೈನಿಗೆ ಆಂಪು ಹಚ್ಚಿದರು. ಮೇಲೆ ಆಕಾಶ, ಸುತ್ತ ಗೋಡೆಯೂ ಇಲ್ಲ, ಮಿಷನ್ನೂ ಇಲ್ಲ. ಭಾನುಪ್ರಿಯ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಕೆಂಪರಾಜುವಿನ ಗಿಟಾರ್ ಹಿಡಿದು ತಂತಿ ಹೊಡೆಯುತ್ತಾ ನಿಂತಳು. ಕೆಂಪರಾಜು ಬದುವಿನ ಮೇಲೆ ನಡೆದುಹೋಗಿ, ಮೈದಾನದಲ್ಲಿ ಕೊನೆಯ ಸಾಲು ಎಷ್ಟು ದೂರವೋ ಅಷ್ಟು ದೂರ ನಿಂತು ಕೇಳಿದ.

“ಟ್ರೆಬಲ್ ಇಳ್ಸು. ಇನ್ನೂ. ಮಿಡ್ ಏರ್ಸು.”

“ಮಿಡ್ ಸೊನ್ನೆ ಇಡ್ಬೇಕು ಅಂತ ವಿಡಿಯೋದಲ್ಲಿ ಹೇಳ್ತಾರಲ್ಲಣ್ಣ.”

“ವಿಡಿಯೋದೋನು ಮೀಸೆ ಬಾಜಿ ಕಟ್ಟಿಲ್ಲ. ಏರ್ಸು.”

ಮಿಡ್ ಏರಿದಂತೆ ಸದ್ದಿಗೆ ಮೈ ಬಂತು. ಗೇನ್ ಅರ್ಧಕ್ಕಿಂತ ಕೆಳಗೆ ಇಳಿದಾಗ, ಅದುವರೆಗೆ ಉಜ್ಜಿದಂತೆ ಕೇಳುತ್ತಿದ್ದ ಹೊಡೆತ ಮೊಳೆ ಹೊಡೆದಂತೆ ಬಿಡಿಬಿಡಿಯಾಗಿ ಕೇಳಿಸಿತು. ತಗ್ಗಿನ ಸದ್ದನ್ನು ಬದುವಿನ ಮಣ್ಣು ಕಾಲಿಗೆ ತಿಳಿಯುವಷ್ಟು ಏರಿಸಿ ನಿಲ್ಲಿಸಿದರು. ಪ್ರತಿ ನಾಬೂ ಎಲ್ಲಿ ನಿಂತಿತೋ ಅಲ್ಲಿ ಭಾನುಪ್ರಿಯ ತನ್ನ ಬ್ಯಾಗಿನಿಂದ ಒಂದು ಸ್ಟಿಕ್ಕರ್ ಬೊಟ್ಟು ತೆಗೆದು ಅಂಟಿಸಿದಳು. ಆಂಪು ಮುತ್ತೈದೆಯಂತೆ ಕಂಡಿತು.

ಆಮೇಲೆ ಕೆಂಪರಾಜು ಗಿಟಾರ್ ಹಿಡಿದ. ಹಿಡಿದ ಮೇಲೆ ಗೊತ್ತಾಯಿತು, ಗೇನ್ ಎಂಬುದು ಇಷ್ಟು ವರ್ಷ ಅವನ ಕೈಯ ಕಳ್ಳತನವನ್ನೆಲ್ಲ ಮುಚ್ಚಿತ್ತು. ಈಗ ಪ್ರತಿ ಹೊಡೆತವೂ ಬೆತ್ತಲೆ. ಅಂಗೈ ಅಂಚು ಕೂದಲೆಳೆಯಷ್ಟು ಜರುಗಿದರೂ ಕೇಳಿಸುತ್ತದೆ. ತಂತಿ ನಿಲ್ಲಿಸಬೇಕಾದ ಕಡೆ ಅವನ ಕೈ ತಡವಾಗಿ ನಿಲ್ಲುತ್ತಿತ್ತು. ಬೈದುಕೊಂಡ, ಗಿಟಾರ್ ಕೆಳಗಿಟ್ಟ, ಬದುವಿನ ಮೇಲೆ ಹೋಗಿ ಕೂತ, ವಾಪಸು ಬಂದ. ಆ ಹೊಲದಲ್ಲಿ ಬೈಯುವುದಕ್ಕೆ ಅವನ ಬಲಗೈಯನ್ನು ಬಿಟ್ಟರೆ ಬೇರೆ ಯಾರೂ ಉಳಿದಿರಲಿಲ್ಲ. ದಿನವೂ ಸೊಪ್ಪು ಹಾಕಿ ಮುಗಿಸಿ, ಆಂಪು ಇಲ್ಲದೆಯೂ, ಅದೇ ನಾಲ್ಕು ಹೊಡೆತವನ್ನು ಅಂಗೈ ಅಂಚು ಕೆಂಪಾಗುವವರೆಗೆ ಹೊಡೆದ.

ಇದ್ರೀಸನ ಓಟ ನಿಲ್ಲಿಸಿದವಳು ಸಿದ್ದಮ್ಮ. ಅವಳು ತೋಟದ ಪಕ್ಕದಲ್ಲಿ ಕೂತು ಮರಿಹುಳುಗಳಿಗೆ ಸೊಪ್ಪು ಕತ್ತರಿಸುತ್ತಿದ್ದಳು.

“ಅಲ್ಲ ಕಣ್ ಇದ್ರೀಸು, ಯಾರಾದ್ರೂ ಅಟ್ಟಿಸ್ಕಂಡ್ ಬತ್ತಾವ್ರಾ? ನನ್ ಕತ್ತಿ ನೋಡು. ಸೊಪ್ಪು ರಾಶಿ ಐತೆ ಅಂತ ಓಡ್ತದಾ? ಓಡುದ್ರೆ ಬೆರಳು ಹೋಯ್ತದೆ.”

ಇದ್ರೀಸ್ ನಕ್ಕು ಕೋಲು ಎತ್ತಿಕೊಂಡ. ಅವಳ ಕತ್ತಿ ಮಣೆಯ ಮೇಲೆ ಒಂದೇ ಹದದಲ್ಲಿ ಬೀಳುತ್ತಿತ್ತು. ಮೊದಲು ಅದರ ಜೊತೆ ಬಾರಿಸಿದ. ಕೆಲವು ದಿನದ ಮೇಲೆ ಕತ್ತಿಗೆ ಬೆನ್ನು ಹಾಕಿ ಕೂತು ಬಾರಿಸಿದ. ಆಮೇಲೆ ಅವಳು ಸೊಪ್ಪಿನ ಮಂಕರಿ ಹೊತ್ತು ಎದ್ದುಹೋದ ಮೇಲೂ ಬಾರಿಸಿದ, ಕೈ ಓಡಲಿಲ್ಲ. ಮಿಷನ್ನಿನ ಪಾಲಿನ ಎರಡನೆಯ ಭಾಗವನ್ನೂ ಅವರು ತಮ್ಮ ಕೈಗೆ ತಂದುಕೊಂಡರು.

ರಾಜ್ಯೋತ್ಸವದ ಸಂಜೆ ಮೈದಾನ ತುಂಬಿತ್ತು. ಮೀಸೆ ನೋಡುವುದಕ್ಕೆಂದೇ ಬಂದವರು ಕಮ್ಮಿ ಇರಲಿಲ್ಲ. ಭುವನೇಶ್ವರಿಯ ಮೆರವಣಿಗೆ ಬಂದು ತಲುಪಿತ್ತು, ಅದರ ಮುಂದೆ ಬಾರಿಸಿಕೊಂಡು ಬಂದ ತಮಟೆಯ ಬಸವಯ್ಯನ ತಂಡ ವೇದಿಕೆಯ ಪಕ್ಕ ಹುಲ್ಲಿನ ಬೆಂಕಿ ಹಾಕಿಕೊಂಡು ತಮಟೆ ಕಾಯಿಸುತ್ತಾ ಕೂತಿತ್ತು. ವೇದಿಕೆಯ ಮುಂದೆ ಅತಿಥಿಗಳ ಮೇಜು. ಅದರ ಮೇಲೆ ಸ್ಟೀಲ್ ಲೋಟಗಳು, ಲೋಟಗಳ ನಡುವೆ ಗಂಗಹನುಮಯ್ಯ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದ ಹೊಸ ಬ್ಲೇಡಿನ ಪ್ಯಾಕೆಟ್ಟು. ಮುಂದಿನ ಸಾಲಿನ ಜಮಖಾನದಲ್ಲಿ ಸಿದ್ದಮ್ಮ, ಪಕ್ಕದಲ್ಲಿ ಇದ್ರೀಸನ ಹೆಂಡತಿ ಜೈನಬ್.

ಈ ಸಲ ದೀಪ ಜಾಸ್ತಿ ಎಂದು ಸಂಘದವರು ಜನರೇಟರ್ ತರಿಸಿದ್ದರು. ಅದನ್ನು ತಂದು ನಿಲ್ಲಿಸಿದ್ದು ವೇದಿಕೆಯ ಬೆನ್ನಿಗೇ, ಕೆಂಪರಾಜು ನಿಲ್ಲುವ ಜಾಗದ ಹಿಂದೆ. ಅವನು ಆಂಪು ಹಚ್ಚಿ ದಪ್ಪ ತಂತಿಯನ್ನು ಮೆಲ್ಲಗೆ ಮುಟ್ಟಿ ನೋಡಿದ. ಕಿವಿಗೆ ಬಂದದ್ದು ಮಂಕು ಸದ್ದು. ಹೊಲದಲ್ಲಿ ಇದ್ದ ಮೊಳೆಯ ಮೊನೆ ಎಲ್ಲಿ? ಎಲ್ಲವೂ ಡೀಸೆಲ್ಲಿನ ಗುಂಯ್‌ನಲ್ಲಿ ಕಲಸಿಹೋಗಿದೆ. ಕೋಪ ಮೂಗಿಗೆ ಬಂತು. ಟ್ರೆಬಲ್ ಒಂದಿಷ್ಟು ಏರಿಸಿ, ತಗ್ಗನ್ನು ಒಂದಿಷ್ಟು ಇಳಿಸಿದರೆ ಸರಿಹೋಗುತ್ತದೆ ಎಂದು ಕಿವಿ ಖಂಡಿತವಾಗಿ ಹೇಳಿತು. ಬಗ್ಗಿ ನಾಬಿಗೆ ಕೈ ಹಾಕಿದ.

ಭಾನುಪ್ರಿಯ ಅವನ ಕೈ ಮೇಲೆ ಪಟ್ ಎಂದು ಹೊಡೆದಳು.

“ಬೊಟ್ಟು ಮುಟ್ಬ್ಯಾಡಿ.”

“ಕೇಳ್ತಾ ಇಲ್ಲ ಕಣಮ್ಮಿ. ಮಂಕಾಗೈತೆ.”

“ನಿಮ್ಗೆ ಕೇಳ್ತಾ ಇಲ್ಲ. ನಿಮ್ ಹಿಂದೆ ಏನೈತೆ ನೋಡಿ.”

ಅವನು ತಿರುಗಿ ನೋಡಿದ. ಜನರೇಟರ್ ನಿಂತಲ್ಲೇ ನಡುಗುತ್ತಾ ಗುಂಯ್‌ಗುಡುತ್ತಿತ್ತು, ಇದ್ರೀಸನ ಶೆಡ್ಡಿನ ಎಲ್ಲ ಮೋಟಾರುಗಳೂ ಒಂದೇ ಪೆಟ್ಟಿಗೆಗೆ ಬಂದು ಕೂತಂತೆ. ಬಿಟ್ಟು ಬಂದೆ ಎಂದುಕೊಂಡಿದ್ದ ಪಾಲುದಾರ ಬೆನ್ನ ಹಿಂದೆ ಬಂದು ನಿಂತು ಮತ್ತೆ ಪಾಲು ಕೇಳುತ್ತಿದ್ದ. ಡ್ರಮ್ಸ್ ಹಿಂದಿನಿಂದ ಇದ್ರೀಸ್ ಹುಬ್ಬು ಹಾರಿಸಿ ಕೇಳಿದ: “ಏನು ಗೌಡ್ರೆ, ಕಿವಿ ನಂಬ್ತೀರೋ, ಬದು ನಂಬ್ತೀರೋ?”

ಕೆಂಪರಾಜು ತನ್ನ ಕಿವಿಯನ್ನು ಬಿಟ್ಟು ಬೇರೆ ಯಾರನ್ನೂ ನಂಬಿದವನಲ್ಲ. ಆದರೂ ನೆಟ್ಟಗೆ ನಿಂತ. ಬೊಟ್ಟುಗಳು ಇದ್ದಲ್ಲೇ ಇದ್ದವು.

“ಬದು,” ಎಂದ.

ಇದ್ರೀಸ್ ಕೋಲು ಬಡಿದು ಲೆಕ್ಕ ಕೊಟ್ಟ.

ಮೊದಲ ಹೊಡೆತ ಬಿತ್ತು, ನಿಂತಿತು. ಆ ನಿಂತ ಚೂರು ಮೌನದಲ್ಲಿ ಕೆಂಪರಾಜುವಿಗೆ ಜನರೇಟರ್ ಬಿಟ್ಟು ಬೇರೇನೂ ಕೇಳಲಿಲ್ಲ. ಹಾಗಾಗಿ ಕಣ್ಣಿನಲ್ಲೇ ಕೇಳಿದ. ಎರಡನೆಯ ಹೊಡೆತಕ್ಕೆ ಮೇಜಿನ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿದವು. ಮೂರನೆಯದಕ್ಕೆ ಲೋಟದ ನೀರಿನಲ್ಲಿ ಸುತ್ತು ಅಲೆ ಎದ್ದಿತು. ಕೊನೆಯ ಸಾಲಿನಲ್ಲಿ ಬೈಕಿನ ಮೇಲೆ ಕೂತಿದ್ದವರು ಇಳಿದು ಮುಂದಕ್ಕೆ ಬಂದರು. ಹೆಂಗಸರ ಕೈ ಕಿವಿಗೆ ಹೋಗಲಿಲ್ಲ. ಜೈನಬ್‌ಳ ಅಂಗೈ ಎದೆಯ ಮೇಲಿತ್ತು, ಅವಳು ನಗುತ್ತಿದ್ದಳು.

ಭಾನುಪ್ರಿಯ ಬಾಯಿ ತೆರೆದಳು. ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳುವಂತೆ ಕೂಗಿ ಕೂಗಿ ಪಳಗಿದ ಗಂಟಲು ಅದು.

“ತಲೆ ಎತ್ತು, ಪೊರೆ ಹರಿ, ಸೊಪ್ಪು ತತ್ತಾ.”

ರೇಷ್ಮೆಯವರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಎರಡನೆಯ ಸಲ ಆ ಸಾಲು ಬಂದಾಗ ಮೈದಾನದ ಎಡಭಾಗದಿಂದ ಯಾರೋ ಗಂಡಸರು “ಸೊಪ್ಪು ತತ್ತಾ” ಎಂದು ಕೂಗಿದರು. ಮೂರನೆಯ ಸಲ ಮೈದಾನದ ಅರ್ಧ ಕೂಗಿತು. ಇದ್ರೀಸ್ ಓಡಲಿಲ್ಲ, ಸೊಪ್ಪಿನ ಕತ್ತಿಯ ಹದದಲ್ಲಿ, ಬೆರಳು ಉಳಿಸಿಕೊಂಡು ಬಾರಿಸಿದ. ಕೆಂಪರಾಜುವಿನ ಅಂಗೈ ನಿಲ್ಲಬೇಕಾದ ಕಡೆಯಲ್ಲೆಲ್ಲ ಬಾಗಿಲು ಮುಚ್ಚಿದ ಹಾಗೆ ನಿಂತಿತು. ನಡುವಿನಲ್ಲಿ ಗಿಟಾರ್ ಒಂದೇ ನಡೆಯುವ ಜಾಗ ಬಂದಾಗ, ವೇದಿಕೆಯ ಪಕ್ಕದ ಬೆಂಕಿಯಿಂದ ಬಸವಯ್ಯ ಎದ್ದ. ಕಾದ ತಮಟೆಯನ್ನು ಎದೆಗೆ ಒರಗಿಸಿ, ತಲೆ ವಾರೆ ಮಾಡಿ ಒಂದು ಸುತ್ತು ಕೇಳಿಸಿಕೊಂಡ, ಎರಡನೆಯ ಸುತ್ತಿಗೆ ಸರಿಯಾಗಿ ಹೊಡೆತದ ಮೇಲೆ ಹೊಡೆತ ಇಟ್ಟ. ಅವನ ತಂಡದವರೂ ಎದ್ದರು. ಎತ್ತು ಒಂದೇ ಇದ್ದದ್ದು ಜೋಡಿಯಾಯಿತು. ಧೂಳು ಎದ್ದಿತು.

ಆಗ ಕೆಂಪರಾಜು ನೋಡಿದ: ಮೇಜಿನ ಮೇಲೆ ಬ್ಲೇಡಿನ ಪ್ಯಾಕೆಟ್ಟು ನಡೆಯುತ್ತಿತ್ತು. ಹೊಡೆತ ಬಿದ್ದಾಗಲೆಲ್ಲ ಚೂರು ಚೂರೇ ಜರುಗಿ, ಲೋಟಗಳ ಸಂದಿಯಿಂದ ಹೊರಗೆ ಬಂದು, ಅಂಚಿಗೆ ಬಂದು ನಿಂತಿತ್ತು. ಅದರ ಹಿಂದೆ ಗಂಗಹನುಮಯ್ಯ ಒಂದು ಕೈಯಲ್ಲಿ ಮೇಜು ಹಿಡಿದು, ಇನ್ನೊಂದು ಕೈ ಎದೆಯ ಮೇಲಿಟ್ಟುಕೊಂಡಿದ್ದ. ಕೊನೆಯ ಹೊಡೆತಕ್ಕೆ ಪ್ಯಾಕೆಟ್ಟು ಕೆಳಗೆ ಬಿತ್ತು.

ಹಾಡು ನಿಂತಿತು. ಜನರ ಕೂಗಿನಲ್ಲಿ ಜನರೇಟರ್ ಕೇಳಿಸಲೇ ಇಲ್ಲ.

ಗಂಗಹನುಮಯ್ಯ ವೇದಿಕೆ ಹತ್ತಿ ಮೈಕು ಹಿಡಿದ. “ಬಂಧುಗಳೇ,” ಎಂದ, “ಆನೆ ಎಲ್ಲಾ ಕಾಡಿಗೆ ಹೋದ್ವು. ಇನ್ನು ಈ ಕಡೆ ಬರಾಕಿಲ್ಲ.” ಆಮೇಲೆ ಮೈಕನ್ನು ಮರೆಮಾಡಿ, ಬೆಂಚಿನ ಗೆಳೆಯನ ದನಿಯಲ್ಲಿ: “ಲೇ ಕೆಂಪ, ಇನ್ನೂ ನಡುಗ್ತಾ ಐತೆ ಕಣ್ಲಾ ಎದೆ. ಇನ್ನೊಂದು ಬಾರ್ಸು.”

“ಒಂದೇ ಹಾಡು ಅಂದಿದ್ದಲ್ಲ ನೀನು.”

“ಅದ್ನೇ ಬಾರ್ಸ್ಲಾ.”

ಕೆಳಗೆ ಸಿದ್ದಮ್ಮ ಬಗ್ಗಿ ಬ್ಲೇಡಿನ ಪ್ಯಾಕೆಟ್ಟನ್ನು ಎತ್ತಿ, ಧೂಳು ಊದಿ, ಎಲೆಅಡಿಕೆ ಚೀಲದೊಳಗೆ ಹಾಕಿಕೊಂಡಳು. “ಹೊಸದು,” ಎಂದಳು ಜೈನಬ್‌ಗೆ. “ಯಾಕ್ ಹಾಳ್ಮಾಡದು.”

ಕೆಂಪರಾಜು ಮೀಸೆಯ ಎರಡೂ ತುದಿಗಳನ್ನು, ಮೊದಲು ಎಡದ್ದು ಆಮೇಲೆ ಬಲದ್ದು, ನಿಧಾನವಾಗಿ ತಿರುವಿದ. ಬಸವಯ್ಯ ತಮಟೆಯನ್ನು ಬೆಂಕಿಗೆ ತೋರಿಸಿ ಸಿದ್ಧನಾದ. ಇದ್ರೀಸ್ ಕೋಲು ಎತ್ತಿದ.